ಸಿಎ ನಿವೇಶನದಲ್ಲಿ ಶಾಲೆ: ಒಂದು ಸ್ಪಷ್ಟನೆ

‘ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಬಡಾವಣೆಯ ಸಿಎ ನಿವೇಶನದಲ್ಲಿ ಶಾಲೆ ಕಟ್ಟುವಂತಿಲ್ಲ, ಅದು ಮಕ್ಕಳ ಆಟದ ಮೈದಾನ’ ಎಂಬ ಸಂದೇಶ ಬೆಂಗಳೂರಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು. ಬಿಡಿಎ ಕಾಯ್ದೆ, 1976ರ ಪ್ರಕಾರ ಸಿಎ ಎಂದರೆ ನಾಗರಿಕ ಸೌಲಭ್ಯದ ಜಾಗ. ಶಾಲೆಯೂ ಅದರಲ್ಲಿ ಸೇರಿದೆ. ಖಾಲಿ ಬಿದ್ದ ಇಂಥ ಜಾಗದಲ್ಲಿ ಹುಡುಗರು ವರ್ಷಗಟ್ಟಲೆ ಕ್ರಿಕೆಟ್ ಆಡಿರಬಹುದು, ನಿಜ. ಅಷ್ಟಕ್ಕೇ ಅದು ನಕ್ಷೆಯಲ್ಲಿ ಮೈದಾನವಾಗುವುದಿಲ್ಲ.

ನಕ್ಷೆಯಲ್ಲೇ ಉದ್ಯಾನ, ಆಟದ ಮೈದಾನ ಎಂದಿದ್ದರೆ ಮಾತು ಬೇರೆ. ಕಾಯ್ದೆಯ 38ಎ ಕಲಂ ಪ್ರಕಾರ ಅದನ್ನು ಬೇರೆ ಉದ್ದೇಶಕ್ಕೆ ಕೊಟ್ಟರೆ ಆ ಹಂಚಿಕೆಯೇ ಅಸಿಂಧು. ಸದಾಶಿವನಗರದಲ್ಲಿ ಉದ್ಯಾನದ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಿದ್ದನ್ನು 1991ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಪ್ರಶ್ನಿಸಿದವರು ಅಲ್ಲಿನ ನಿವಾಸಿಗಳೇ. ಹಾಗಾಗಿ ತಕರಾರು ಎತ್ತುವ ಮುನ್ನ ಬಡಾವಣೆಯ ಅನುಮೋದಿತ ನಕ್ಷೆ ನೋಡಿ.