ಒಂದು ಮನೆ, ಮೂರು ಸೂರು

ಕಾರವಾರದಲ್ಲಿ ಈಗ ಒಂದು ಮನೆಗೆ ಒಂದೇ ಸೂರು ಇದ್ದರೆ ಅದು ಬಡತನದ ಲಕ್ಷಣ. ಮೊದಲು ಸ್ಲ್ಯಾಬ್ ಹಾಕಿಸುತ್ತೇವೆ. ಕಡಲಿನ ಉಪ್ಪುಗಾಳಿಗೆ ಒಳಗಿನ ಕಬ್ಬಿಣ ತುಕ್ಕು ಹಿಡಿದು, ಉಬ್ಬಿ, ಕಾಂಕ್ರೀಟು ಬಿರಿದು ಸೋರತೊಡಗಿದಾಗ ಅದರ ನೆತ್ತಿಯ ಮೇಲೆ ತಗಡಿನ ಮಾಡು ಏರಿಸುತ್ತೇವೆ. ಆಮೇಲೂ ಒಳಗೆ ಕಂದು ಕಲೆ ಮೂಡಿದರೆ ಕಲೆಯ ಕೆಳಗೆ ಜಿಪ್ಸಮ್ ಬೋರ್ಡ್ ಬಿಗಿಯುತ್ತೇವೆ. ಮೇಲಿನದು ಮಳೆಗೆ, ಕೆಳಗಿನದು ಮಾನಕ್ಕೆ, ನಡುವಿನದು ಬ್ಯಾಂಕಿನ ಸಾಲಕ್ಕೆ.

ಬೋರ್ಡುಗಳ ಸಂದು ಮುಚ್ಚುವ ಕೆಲಸವನ್ನು ಈಗ ಮನೆಯ ಯಜಮಾನರೇ ವಹಿಸಿಕೊಂಡಿದ್ದಾರೆ. ಕೆಲಸ ಬಲ್ಲವರು ಗೋವಾಕ್ಕೆ ಹೋಗಿದ್ದಾರೆ, ವಿಡಿಯೋ ಮೊಬೈಲಿನಲ್ಲೇ ಇದೆ. ಕೆಲಸವೇನೋ ಸೊಗಸಾದದ್ದೇ. ಬೋರ್ಡಿನ ಉದ್ದದ ಅಂಚು ತುಸು ತೆಳ್ಳಗಿರುತ್ತದೆ. ಎರಡು ಅಂಚು ಕೂಡಿದಲ್ಲಿ ಸಣ್ಣ ತಗ್ಗಾಗುತ್ತದೆ. ಆ ತಗ್ಗಿಗೆ ಜಾಯಿಂಟ್ ಕಾಂಪೌಂಡ್ ಎಂಬ, ಸಂದು ತುಂಬುವ ಮೆತ್ತು ಸವರಿ, ಕಾಗದದ ಟೇಪನ್ನು ಒಳಗೆ ಗಾಳಿ ಉಳಿಯದಂತೆ ಒತ್ತಿ, ಒಣಗಿದ ಮೇಲೆ ಎರಡನೆಯ ಪದರ, ಮತ್ತೆ ಮೂರನೆಯದು. ಪ್ರತಿ ಸಲವೂ ಪಟ್ಟಿ ಅಗಲವಾಗುತ್ತ ಕೊನೆಗೆ ಸುಮಾರು ಒಂದು ಅಡಿಗೆ ಬಂದು ನಿಲ್ಲಬೇಕು. ಕತ್ತರಿಸಿದ ಅಂಚುಗಳು ಕೂಡುವಲ್ಲಿ ತಗ್ಗೇ ಇರುವುದಿಲ್ಲ. ಅಲ್ಲಿ ಇನ್ನೂ ಅಗಲಕ್ಕೆ ಹರಡದಿದ್ದರೆ ಉಬ್ಬು ಕಣ್ಣಿಗೆ ಹೊಡೆಯುತ್ತದೆ.

ಪದರದಿಂದ ಪದರಕ್ಕೆ ಒಂದು ದಿನ ಒಣಗಲು ಬಿಡಿ ಎನ್ನುತ್ತಾನೆ ವಿಡಿಯೋದ ಮಹಾಶಯ. ಅವನ ಊರಿಗೆ ಆಷಾಢ ಬರುವುದಿಲ್ಲವೆಂದು ತೋರುತ್ತದೆ. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಸುರಿಯುವ ನಮ್ಮಲ್ಲಿ ಜುಲೈಯಲ್ಲಿ ಒಗೆದ ಪಂಚೆ ಒಣಗುವುದು ಚೌತಿಯ ಹೊತ್ತಿಗೆ. ಪುಡಿಯನ್ನು ನೀರಲ್ಲಿ ಕಲಸಿ ಹಚ್ಚುವ, ಹವೆಯನ್ನು ಕಾಯದೆ ತಾನಾಗಿ ಗಟ್ಟಿಯಾಗುವ ಕಾಂಪೌಂಡಿನ ಜಾತಿಯೊಂದಿದೆ. ಮಳೆಗಾಲಕ್ಕೆ ಅದೇ ವಾಸಿ. ಆದರೆ ಹೊಸಬ ಏಣಿ ಹತ್ತುವುದರೊಳಗೆ ಅದು ಬಕೇಟಿನಲ್ಲೇ ಗಟ್ಟಿಯಾಗಿರುತ್ತದೆ.

ಕೊನೆಯದು ಮರಳುಕಾಗದದ ಉಜ್ಜಾಟ. ಮನೆಮಂದಿಯೆಲ್ಲ ವಿಭೂತಿ ಧರಿಸಿದವರಂತಾದ ಮೇಲೆ ಯಜಮಾನರು ದೀಪ ಆರಿಸಿ, ಟಾರ್ಚನ್ನು ಓರೆಯಾಗಿ ಹಿಡಿದು, ಕೂದಲೆಳೆಯಷ್ಟು ಗೆರೆ ಉಳಿದಿದೆಯೇ ಎಂದು ಹುಡುಕುತ್ತಾರೆ. ಆ ಟಾರ್ಚನ್ನು ಒಮ್ಮೆ ಮೇಲಿನ ತಗಡಿನ ಬೋಲ್ಟುಗಳತ್ತ ಹಿಡಿದಿದ್ದರೆ ಇಷ್ಟೆಲ್ಲ ಬೇಕಾಗುತ್ತಿರಲಿಲ್ಲ ಎಂದು ಹೇಳಲು ಹೋಗಬೇಡಿ. ಏಣಿಯ ಮೇಲಿರುವವರಿಗೆ ಸಿಟ್ಟು ಬೇಗ. ಬರಿ ಹೆಂಚಿನ ಮನೆಯಲ್ಲಿ ಒಡೆದ ಹೆಂಚು ಯಾವುದೆಂದು ಕೆಳಗೆ ನಿಂತವರಿಗೇ ಕಾಣುತ್ತಿತ್ತು. ಬೋರ್ಡಿನದು ಬೇರೆಯೇ ಚಾಣಾಕ್ಷತನ: ತೂತು ಅಡುಗೆಮನೆಯ ಮೇಲೆ, ಕಲೆ ದೇವರಕೋಣೆಯಲ್ಲಿ.

ಈ ವಿದ್ಯೆಯಲ್ಲಿ ಸರಕಾರಿ ಕಚೇರಿಗಳು ನಮಗಿಂತ ಬಹಳ ಮುಂದೆ. ಸೋರುವ ಚಾವಣಿಯ ದುರಸ್ತಿಗೆ ಹಣ ಕೇಳಿದರೆ ಕಡತ ಬೆಂಗಳೂರಿಗೆ ಹೋಗಿ ಅಲ್ಲೇ ಸಂಸಾರ ಹೂಡುತ್ತದೆ. ಸಭಾಂಗಣದ ಅಲಂಕಾರಕ್ಕೆ ಕೇಳಿದರೆ ಮಂತ್ರಿಗಳ ಭೇಟಿಗೆ ಮೊದಲೇ ಮಂಜೂರಾಗುತ್ತದೆ. ಕಾರಣ ಸರಳ: ಮಂತ್ರಿಗಳು ಸಭಾಂಗಣದಲ್ಲಿ ಕೂರುತ್ತಾರೆ, ಚಾವಣಿಗೆ ಹತ್ತುವುದಿಲ್ಲ. ಹೀಗಾಗಿ ಮೂರು ಪದರದ ಕೆಲಸ ಒಂದೇ ರಾತ್ರಿ, ಒಂದೇ ಪದರದಲ್ಲಿ ಮುಗಿಯುತ್ತದೆ. ಬಿಲ್ಲಿನಲ್ಲಿ ಪದರ ಮೂರೇ. ತೇವ ತಡೆಯುವ ಹಸಿರು ಬೋರ್ಡ್ ಹಾಕಿದ್ದೇವೆ ಎಂಬ ಷರಾ ಬೇರೆ. ಆ ಬೋರ್ಡ್ ತಾಳುವುದು ಹಸಿ ಗಾಳಿಯನ್ನು. ನೆತ್ತಿಯ ಮೇಲೆ ನೀರು ನಿಂತರೆ ಅದೂ ಮೆದುವಾಗಿ ಜೋಲುತ್ತದೆ. ಷರಾ ಓದಿದ ಮೇಲಧಿಕಾರಿ ಮಾತ್ರ ಸೋರಿಕೆ ನಿಂತಿತೆಂದು ವರದಿ ಒಪ್ಪಿಸುತ್ತಾರೆ.

ಮುಂದಿನ ಮಳೆಗೆ ಮತ್ತೆ ಕಲೆ, ಮತ್ತೆ ಅಂದಾಜುಪಟ್ಟಿ. ಈ ಸಲದ ಪಟ್ಟಿಯಲ್ಲಿ ಒಂದೇ ಒಂದು ಸುಧಾರಣೆಯನ್ನು ನಿರೀಕ್ಷಿಸಬಹುದು: ಬಿಳಿ ಬಣ್ಣದ ಜಾಗದಲ್ಲಿ ಚಹಾದ ಬಣ್ಣ. ಕಲೆ ಎಲ್ಲಿ ಮೂಡಿದರೂ ಹೊಂದಿಕೊಳ್ಳುತ್ತದೆ.