ಪಂಪ್‌ಗೆ ಕೈ ಹಾಕುವ ಮುಂಚೆ...

ಹಳೇ ಪೆಟ್ರೋಲ್ ಪಿಕಪ್ ನಿಧಾನ ಮಾಡುವಾಗ ಆಫ್ ಆಗ್ತಿದ್ರೆ ಮೊದಲು ಫ್ಯೂಯಲ್ ಪಂಪ್ ಬದಲಿಸಿ ಅಂತ ಬರೆದಿದ್ದೀರಿ. ಇದಕ್ಕೆ ನನ್ನದೊಂದು ತಕರಾರು. ಪಂಪ್ ಸೋತಿದ್ರೆ ಗಾಡಿ ಸಾಮಾನ್ಯವಾಗಿ ಏರಿನಲ್ಲಿ, ಲೋಡ್ ಇದ್ದಾಗ, ಜೋರಾಗಿ ಓಡಿಸುವಾಗ ಮುಗ್ಗರಿಸುತ್ತೆ. ಕಾಲು ತೆಗೆದಾಗಲೇ ಸಾಯ್ತಿದ್ರೆ ಗಾಳಿಯ ಲೆಕ್ಕ ನೋಡಬೇಕು.

ಆಕ್ಸಿಲರೇಟರ್ ಬಿಟ್ಟ ತಕ್ಷಣ ಥ್ರಾಟಲ್ ಪ್ಲೇಟ್ (ಇಂಜಿನ್‌ಗೆ ಗಾಳಿ ಬಿಡುವ ಮುಚ್ಚಳ) ಮುಚ್ಚಿಕೊಳ್ಳುತ್ತೆ. ಆಗ ಇಂಜಿನ್ ಉಸಿರಾಡೋದು ಐಡಲ್ (ಆಕ್ಸಿಲರೇಟರ್ ಒತ್ತದೆ ಇಂಜಿನ್ ಓಡೋದು) ಕಂಟ್ರೋಲ್ ವಾಲ್ವ್ ಬಿಡುವ ಚೂರು ಗಾಳಿಯಿಂದ. ಆ ವಾಲ್ವ್ ಮಸಿ ಹಿಡಿದು ಅಂಟಿಕೊಂಡಿದ್ರೆ ಕಥೆ ಮುಗೀತು. ನನ್ನ ಗಾಡಿಯಲ್ಲಿ ಬಿಚ್ಚಿ ನೋಡಿದ್ರೆ ಒಳಗೆಲ್ಲ ಒಲೆ ಮೇಲಿನ ಕಾವಲಿ ತಳದ ಹಾಗೆ ಕಪ್ಪು! ಥ್ರಾಟಲ್ ಬಾಡಿ ಕ್ಲೀನರ್ ಹೊಡೆದು ಒರೆಸಿದ ಮೇಲೆ ಸರಿಹೋಯ್ತು. (ಪಂಪ್ ಆಗಲೇ ಬದಲಿಸಿ ದುಡ್ಡು ಕಳ್ಕೊಂಡಿದ್ದೆ, ಅದು ಬೇರೆ ವಿಷಯ.)

ಇನ್ನೊಂದು: ನಿಂತ ಗಾಡಿಯಲ್ಲಿ ಇಂಜಿನ್ ಆನ್ ಇಟ್ಟು ಬ್ರೇಕ್ ಒತ್ತಿ ಹಿಡಿಯಿರಿ. ಪೆಡಲ್ ಹತ್ತಿರ ಬಿಡದೆ ಉಸ್ಸ್ ಅಂತ ಸದ್ದು ಬಂದು ಆರ್‌ಪಿಎಂ (ಇಂಜಿನ್ ತಿರುಗುವ ವೇಗ) ಬಿದ್ರೆ ಬ್ರೇಕ್ ಬೂಸ್ಟರೇ (ಇಂಜಿನ್ನಿನ ಎಳೆತದಿಂದ ಬ್ರೇಕ್ ಹಗುರ ಮಾಡುವ ಭಾಗ) ಸೋರಿ ಗಾಳಿ ಎಳೀತಿದೆ ಅಂತ ಅನುಮಾನಿಸಿ. ಇದನ್ನು ಮುಂದೂಡಬೇಡಿ, ಬ್ರೇಕಿನ ಮಾತು. ಅದರ ಹೋಸ್ ಬಿರುಕು ಬಿಟ್ಟಿದೆಯಾ ಅಂತಲೂ ನೋಡಿ.

ಆಟೋಮ್ಯಾಟಿಕ್ ಆದ್ರೆ, ಖಾಲಿ ಜಾಗದಲ್ಲಿ ನಿಲ್ಲಿಸುವ ಸ್ವಲ್ಪ ಮುಂಚೆ ನ್ಯೂಟ್ರಲ್‌ಗೆ ಹಾಕಿ. ಆಗ ಇಂಜಿನ್ ಉಳಿದುಕೊಂಡ್ರೆ ಟಾರ್ಕ್ ಕನ್ವರ್ಟರ್ (ಇಂಜಿನ್ನನ್ನು ಗೇರ್‌ಬಾಕ್ಸ್‌ಗೆ ಜೋಡಿಸುವ ಭಾಗ) ಲಾಕಪ್, ಅಂದ್ರೆ ಎರಡನ್ನೂ ಬಿಗಿಯಾಗಿ ಹಿಡಿಯುವ ಕ್ಲಚ್, ಬಿಡ್ತಿಲ್ಲವೇನೋ. ಕ್ಲಚ್ ಒತ್ತದೆ ಗಾಡಿ ನಿಲ್ಲಿಸಿದ ಹಾಗೆ ಅದು. ಇಜಿಆರ್ ವಾಲ್ವ್ (ಸುಟ್ಟ ಹೊಗೆಯಲ್ಲಿ ಸ್ವಲ್ಪವನ್ನು ಮತ್ತೆ ಇಂಜಿನ್‌ಗೆ ಬಿಡುವುದು) ತೆರೆದೇ ಉಳಿದ್ರೂ ನಿಧಾನ ಮಾಡುವಾಗ ಹೀಗೇ ಆಫ್ ಆಗುತ್ತೆ, ಆದ್ರೆ ಆಗ ಐಡಲ್ ಕೂಡ ಒರಟಾಗಿರುತ್ತೆ.