ಒದೆ ಬಿದ್ದಾಗ ನಕ್ಕವರಿಗೆ

ನಿನ್ನೆ ರಾತ್ರಿಯಿಂದ ತಲೆಯೊಳಗೆ ಕೊರೀತಾ ಇದೆ. ಬರೆದು ಹಾಕದೆ ಇವತ್ತು ಬೇರೆ ಕೆಲಸಕ್ಕೆ ಕೈ ಹೋಗಲ್ಲ.

ತಂಗಿ ಮಗ ಕಾಲೇಜಿನ ಸ್ನೇಹಿತರನ್ನ ಕರ್ಕೊಂಡು ಬಂದಿದ್ದ. ಗೋಡೆ ಮೇಲೆ ಪ್ರೊಜೆಕ್ಟರ್ ಬಿಟ್ಟು ಎಲ್ಲರೂ ‘ಮೆಮೊರೀಸ್ ಆಫ್ ಮರ್ಡರ್’ ನೋಡಿದ್ವಿ. ದಕ್ಷಿಣ ಕೊರಿಯಾದ ನಿರ್ದೇಶಕ ಬಾಂಗ್ ಜೂನ್ ಹೋ 2003ರಲ್ಲಿ ಮಾಡಿದ್ದು, ಅಲ್ಲಿ ನಿಜವಾಗಿ ನಡೆದ ಸರಣಿ ಕೊಲೆಗಳ ಮೇಲೆ. ನಾನು ಈ ಸಿನಿಮಾನ ಎಷ್ಟು ಹಚ್ಕೊಂಡಿದ್ದೀನಿ ಅಂತ ಇಲ್ಲಿರೋ ಹಳಬರಿಗೆ ಗೊತ್ತು. ಮೂರನೇ ಸಲ ನೋಡ್ತಿದ್ದೆ, ಹುಡುಗರಿಗೆ ಮೊದಲನೇ ಸಲ.

ಠಾಣೆಯ ನೆಲಮಾಳಿಗೆಯ ದೃಶ್ಯ ಬಂತು. ಬುದ್ಧಿ ಪೂರ್ತಿ ಬೆಳೆಯದ ಹುಡುಗನೊಬ್ಬನನ್ನ ಎಳ್ಕೊಂಡು ಬಂದಿದ್ದಾರೆ. ಮುಖದಲ್ಲಿ ಸುಟ್ಟ ಕಲೆ. ಒಬ್ಬ ಪೊಲೀಸ್ ತನ್ನ ಬೂಟಿನ ಮೇಲೆ ಬಟ್ಟೆಯ ಗವಸು ಏರಿಸ್ತಾನೆ, ಮೈಮೇಲೆ ಗುರುತು ಬೀಳಬಾರದು ಅಂತ. ಆಮೇಲೆ ಒದೀತಾನೆ. ನಮ್ಮ ಹುಡುಗರು ಬಿದ್ದು ಬಿದ್ದು ನಕ್ಕರು. ಸ್ವಲ್ಪ ಹೊತ್ತಿಗೆ ಅದೇ ಪೊಲೀಸರು ಅದೇ ಹುಡುಗನ ಜೊತೆ ಕೂತು ಕಪ್ಪು ಸಾಸಿನ ನೂಡಲ್ಸ್ ತಿಂತಾ ಟಿವಿಯಲ್ಲಿ ಪತ್ತೇದಾರಿ ಧಾರಾವಾಹಿ ನೋಡ್ತಾರೆ. ಅದಕ್ಕೂ ನಗು. ಆ ಹುಡುಗ ಬಾಯಿ ತುಂಬ ನೂಡಲ್ಸ್ ಇಟ್ಕೊಂಡು ಒದ್ದವರ ಪಕ್ಕದಲ್ಲೇ ಖುಷಿಯಾಗಿ ಕೂತಿರೋದು ನೋಡಿ ನನಗೆ ಹೊಟ್ಟೆಯೊಳಗೆ ಕಿವುಚಿದ ಹಾಗಾಯ್ತು.

‘ದೊಡ್ಡಮ್ಮಾ, ಅದು ವ್ಯಂಗ್ಯ. ಡೈರೆಕ್ಟರೇ ನಗಿಸ್ತಿರೋದು’ ಅಂದ ತಂಗಿ ಮಗ.

ಹೌದಪ್ಪ, ಗೊತ್ತು. ನಗಿಸಿ ಆಮೇಲೆ ಬಾಂಗ್ ಅದರ ಲೆಕ್ಕ ಚುಕ್ತಾ ಮಾಡಿಸ್ತಾನೆ. ಆ ಹುಡುಗ ರೈಲಿಗೆ ಸಿಕ್ಕಿ ಸಾಯ್ತಾನೆ, ಒದ್ದವನ ಕಾಲನ್ನೇ ಕತ್ತರಿಸಬೇಕಾಗುತ್ತೆ. ಸಿನಿಮಾ ಮೇಲೆ ನನಗೆ ಒಂದು ಚೂರೂ ಸಿಟ್ಟಿಲ್ಲ. ಸಿಟ್ಟು ಇರೋದು ಸಿನಿಮಾ ಮುಗಿದ ಮೇಲೆ ನಡೆದ ಮಾತಿನ ಮೇಲೆ. ಒಂದು ಗಂಟೆ ಮಾತಾಡಿದರು, ಬರೀ ಕೊಲೆಗಾರನ ಬಗ್ಗೆ. ಅವನು ಯಾರು, ಸಿಕ್ಕನಾ, ನೋಡೋಕೆ ಹೇಗಿದ್ದ. ಫೋನ್ ತೆಗೆದು ಅವನ ಫೋಟೋ ಹುಡುಕಿ ಎಲ್ಲರಿಗೂ ತೋರಿಸಿದ್ದೂ ಆಯ್ತು. ಒದೆ ತಿಂದವರು ಏನಾದರು ಅಂತ ಒಬ್ಬನೂ ಕೇಳಲಿಲ್ಲ.

ನೀವೂ ಕೇಳಿರಲ್ಲ. ಮೊದಲನೇ ಸಲ ನೋಡಿದಾಗ ನಾನೂ ಕೇಳಿರಲಿಲ್ಲ.

ಅದಕ್ಕೇ ಹೇಳ್ತೀನಿ. ಕೊರಿಯಾದ ರಾಜಧಾನಿ ಸೋಲ್ ನಗರದ ದಕ್ಷಿಣಕ್ಕಿರೋ ಹ್ವಾಸೊಂಗ್ ಆಗ ಗದ್ದೆಗಳ ಸೀಮೆ. 1986ರಿಂದ 1991ರವರೆಗೆ ಅಲ್ಲಿ ಹತ್ತು ಹೆಣ್ಣುಮಕ್ಕಳ ಕೊಲೆಯಾಯ್ತು. ಪೊಲೀಸರು 21 ಸಾವಿರಕ್ಕೂ ಹೆಚ್ಚು ಜನರನ್ನ ವಿಚಾರಣೆ ಮಾಡಿದರು. ಆ ವಿಚಾರಣೆ ತಾಳಲಾರದೆ ಪ್ರಾಣ ಕಳ್ಕೊಂಡವರೂ ಇದ್ದಾರೆ. ನಿಜವಾದ ಕೊಲೆಗಾರ ಲೀ ಚೂನ್ ಜೇ ಕೂಡ ಅವರ ಕೈಗೆ ಸಿಕ್ಕಿದ್ದ. ಕೊಲೆಗಾರನ ರಕ್ತ ಬಿ ಗುಂಪಿನದು ಅಂತ ಅವರು ನಂಬ್ಕೊಂಡಿದ್ದರು, ಇವನದು ಓ. ಬಿಟ್ಟು ಕಳಿಸಿದರು. 2019ರಲ್ಲಿ ಹಳೇ ಸಾಕ್ಷ್ಯಗಳ ಡಿಎನ್‌ಎ ಪರೀಕ್ಷೆ ಮಾಡಿದಾಗ ಅವನ ಹೆಸರು ಬಂತು. ಅಷ್ಟೊತ್ತಿಗೆ ಅವನು ಹೆಂಡತಿಯ ತಂಗಿಯನ್ನ 1994ರಲ್ಲಿ ಕೊಂದ ತಪ್ಪಿಗೆ ಬೂಸಾನ್ ಜೈಲಲ್ಲಿ ಜೀವಾವಧಿ ಶಿಕ್ಷೆ ಅನುಭವಿಸ್ತಿದ್ದ. ಹದಿನಾಲ್ಕು ಕೊಲೆ ಒಪ್ಪಿಕೊಂಡ. ಹ್ವಾಸೊಂಗ್ ಕೊಲೆಗಳಿಗೆ ಅವನಿಗೆ ಶಿಕ್ಷೆ ಕೊಡೋ ಹಾಗಿಲ್ಲ. ಆಗಿನ ಕಾನೂನಲ್ಲಿ ಕೊಲೆ ಕೇಸಿಗೆ ಹದಿನೈದು ವರ್ಷದ ಗಡುವು, ಕೊನೇ ಕೊಲೆಯದ್ದೂ 2006ರಲ್ಲೇ ಮುಗಿದು ಹೋಗಿತ್ತು.

ಇಷ್ಟನ್ನ ನಮ್ಮ ಹುಡುಗರು ಐದು ನಿಮಿಷದಲ್ಲಿ ಫೋನಲ್ಲಿ ಓದಿ ಮುಗಿಸಿದರು. ಎಂಟನೇ ಕೊಲೆಯ ಹತ್ತಿರ ಯಾರೂ ನಿಲ್ಲಲಿಲ್ಲ.

ಎಂಟನೇದು 1988ರದು. ಹದಿಮೂರು ವರ್ಷದ ಹುಡುಗಿ, ಅವಳ ಮನೆಯೊಳಗೇ. ಈ ಒಂದು ಕೇಸನ್ನ ಪೊಲೀಸರು ‘ಪತ್ತೆಯಾಯ್ತು’ ಅಂದಿದ್ದರು. ಬೇರೆ ಯಾರೋ ನೋಡಿ ಅದೇ ಥರ ಮಾಡಿದ್ದು ಅಂತ ಹೇಳಿ, ಮರುವರ್ಷ ಒಬ್ಬನನ್ನ ಹಿಡಿದರು. ಯೂನ್ ಅಂತ, ಇಪ್ಪತ್ತೆರಡು ವರ್ಷ, ವ್ಯವಸಾಯದ ಯಂತ್ರ ರಿಪೇರಿ ಮಾಡ್ತಿದ್ದವನು. ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಒಂದು ಕಾಲು ಕುಂಟು. ಆ ಕಾಲಿಟ್ಕೊಂಡು ಇವನು ರಾತ್ರಿ ಗೋಡೆ ಹಾರಿ ಒಳಗೆ ಹೋದ ಅಂತ ಕೇಸು. ಮೂರು ದಿನ ನಿದ್ದೆ ಮಾಡೋಕೆ ಬಿಡಲಿಲ್ಲ. ಒಪ್ಕೊಂಡ. ಮೇಲ್ಮನವಿಯಲ್ಲಿ ‘ಹಿಂಸೆ ಕೊಟ್ಟು ಒಪ್ಪಿಸಿದರು’ ಅಂತ ಅವನು ಹೇಳಿದ್ದು ಯಾವ ಕೋರ್ಟಿನ ಕಿವಿಗೂ ಬೀಳಲಿಲ್ಲ. ಜೀವಾವಧಿ. ಹೊರಗೆ ಬಂದಿದ್ದು 2009ರಲ್ಲಿ, ಅದೂ ಪೆರೋಲ್ ಮೇಲೆ. ಆ ಕೊಲೆಯನ್ನೂ ತಾನೇ ಮಾಡಿದ್ದು ಅಂತ ಲೀ ಬಾಯಿಬಿಟ್ಟ ಮೇಲೆ ಮರುವಿಚಾರಣೆ ನಡೆದು, 2020ರ ಡಿಸೆಂಬರ್ 17ರಂದು ಸುವಾನ್ ಕೋರ್ಟು ಯೂನ್ ನಿರಪರಾಧಿ ಅಂತ ಹೇಳ್ತು. ನ್ಯಾಯಾಧೀಶರು ಕ್ಷಮೆ ಕೇಳಿದರು. ಅಷ್ಟೊತ್ತಿಗೆ ಯೂನ್ ಅವರಿಗೆ ಐವತ್ತು ದಾಟಿತ್ತು.

ಈಗ ವರ್ಷ ತಾಳೆ ಹಾಕಿ ನೋಡಿ. 2003ರಲ್ಲಿ ಕೊರಿಯಾದಲ್ಲಿ 50 ಲಕ್ಷಕ್ಕೂ ಹೆಚ್ಚು ಜನ ಥಿಯೇಟರಿಗೆ ಹೋಗಿ ಈ ಸಿನಿಮಾ ನೋಡಿದರು. ನೆಲಮಾಳಿಗೆಯ ದೃಶ್ಯಕ್ಕೆ ಅವರೂ ನಕ್ಕಿರ್ತಾರೆ. ಅವರು ನಗೋ ಹೊತ್ತಿಗೆ, ಅಂಥದ್ದೇ ಒಂದು ಕೋಣೆಯಲ್ಲಿ ಒಪ್ಪಿಕೊಂಡ ಮನುಷ್ಯ ಹದಿನಾಲ್ಕನೇ ವರ್ಷ ಜೈಲಲ್ಲಿ ಕೂತಿದ್ದ. ಸಿನಿಮಾದ ಕೊನೆಯಲ್ಲಿ ಪತ್ತೇದಾರನ ಪಾತ್ರ ಮಾಡಿದ ಸಾಂಗ್ ಕಾಂಗ್ ಹೋ ನೇರವಾಗಿ ಕ್ಯಾಮೆರಾ ಕಡೆ ತಿರುಗಿ ನೋಡ್ತಾನಲ್ಲ, ಅದು ಥಿಯೇಟರಲ್ಲಿ ಕೂತಿರಬಹುದಾದ ಕೊಲೆಗಾರನನ್ನ ನೋಡೋ ನೋಟ ಅಂತ ಎಲ್ಲರೂ ಹೇಳ್ತಾರೆ. ಬಾಂಗ್ ಮನಸ್ಸಲ್ಲಿದ್ದದ್ದೂ ಅದೇ. ಕೊಲೆಗಾರ ಅದನ್ನ ಜೈಲಲ್ಲೇ ನೋಡಿದನಂತೆ. ಬರೀ ಸಿನಿಮಾ ಥರ ನೋಡಿದೆ, ಏನೂ ಅನಿಸಲಿಲ್ಲ ಅಂತ ಕೋರ್ಟಲ್ಲಿ ಹೇಳಿದ. ನಿನ್ನೆಯಿಂದ ನನಗೆ ಆ ನೋಟ ಅವನ ಕಡೆಗೆ ಅಂತ ಅನಿಸ್ತಾನೇ ಇಲ್ಲ.

ಹುಡುಗರಲ್ಲಿ ಒಬ್ಬ ಹೇಳಿದ: ‘ಆಂಟಿ, ಎರಡು ಬಿಡದೆ ಕಳ್ಳರು ಬಾಯಿ ಬಿಡ್ತಾರಾ?’ ಇದನ್ನ ಇಲ್ಲೂ ನಾಲ್ಕು ಜನ ಬರೀತೀರ, ಗೊತ್ತು. ಬಾಯಿ ಬಿಡ್ತಾರಪ್ಪ. ಕಳ್ಳನೂ ಬಿಡ್ತಾನೆ, ಕಳ್ಳ ಅಲ್ಲದವನೂ ಬಿಡ್ತಾನೆ. ಯೂನ್ ಬಾಯಿ ಬಿಟ್ಟರು, ಕೊಲೆಗಾರ ಹೊರಗೇ ಉಳಿದ, ಆಮೇಲೂ ಕೊಂದ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನ ಆರೋಪಿಯ ವಿರುದ್ಧ ಸಾಕ್ಷಿ ಮಾಡಬಾರದು ಅಂತ ನಮ್ಮಲ್ಲಿ 1872ರ ಸಾಕ್ಷ್ಯ ಕಾಯ್ದೆಯಲ್ಲೇ ಬರೆದಿಟ್ಟಿದ್ದರು. ಬ್ರಿಟಿಷರಿಗೇ ತಮ್ಮ ಪೊಲೀಸರ ಮೇಲೆ ನಂಬಿಕೆ ಇರಲಿಲ್ಲ. ನೀವು ಕಟ್ಟಿ ನೇತುಹಾಕಿ ಏರೋಪ್ಲೇನ್ ಹತ್ತಿಸಬೇಕು ಅಂತೀರ.

ನನಗೆ ಯಾಕಿಷ್ಟು ಉರಿ ಅಂತ ಹೇಳಿಬಿಡ್ತೀನಿ. ಇಲ್ಲೀವರೆಗೆ ಎಲ್ಲೂ ಬರೆದಿಲ್ಲ.

ನಮ್ಮಪ್ಪನ ಜವಳಿ ಅಂಗಡಿ ನಿಮಗೆಲ್ಲ ಗೊತ್ತು. ನನಗೆ ಹನ್ನೊಂದು ವರ್ಷ ಇದ್ದಾಗ, ಗೌರಿ ಹಬ್ಬದ ಹಿಂದಿನ ದಿನ ಗಲ್ಲಾದಲ್ಲಿ ದುಡ್ಡು ಕಮ್ಮಿ ಬಂತು. ಅಂಗಡಿಯಲ್ಲಿ ಹದಿನೇಳು ವರ್ಷದ ಹುಡುಗ ಒಬ್ಬ ಇದ್ದ, ಥಾನು ಎತ್ತಿಡೋಕೆ, ಗಿರಾಕಿಗಳಿಗೆ ನೀರು ಕೊಡೋಕೆ. ‘ಅವನು ಗಲ್ಲಾ ಹತ್ರ ನಿಂತಿದ್ದು ನೀನು ನೋಡ್ದೇನೇ?’ ಅಂತ ಅಪ್ಪ ಕೇಳಿದರು. ನಾನು ಹೂಂ ಅಂದೆ. ನೋಡಿರಲಿಲ್ಲ. ಅಪ್ಪನ ಮುಖ ನೋಡಿ ಹೆದರಿ ಹೂಂ ಅಂದುಬಿಟ್ಟೆ.

ಒಂದು ರಾತ್ರಿ ಠಾಣೆಯಲ್ಲಿ ಇಟ್ಕೊಂಡರು. ಬೆಳಗ್ಗೆ ಒಪ್ಕೊಂಡನಂತೆ. ದುಡ್ಡನ್ನ ಹುಲ್ಲಿನ ಬಣವೆ ಕೆಳಗೆ ಇಟ್ಟಿದ್ದೀನಿ ಅಂದ, ಇರಲಿಲ್ಲ. ಬಚ್ಚಲ ಹಿಂದೆ ಅಂದ, ಅಲ್ಲೂ ಇರಲಿಲ್ಲ. ಪಾಪ, ಎಲ್ಲಿ ಅಂತ ಹೇಳ್ತಾನೆ? ಅಪ್ಪನ ಜೊತೆ ನಾನೂ ಹೋಗಿದ್ದೆ. ಠಾಣೆಯ ಜಗಲಿ ಮೇಲೆ ಕೂತು ಪೊಲೀಸಿನವರು ಕೊಡಿಸಿದ ಬನ್ನನ್ನ ಟೀಯಲ್ಲಿ ಅದ್ದಿಕೊಂಡು ತಿಂತಿದ್ದ. ನನ್ನನ್ನ ನೋಡಿ ಸಣ್ಣಗೆ ನಕ್ಕ. ಎದ್ದಾಗ ಚಪ್ಪಲಿ ಮೆಟ್ಟೋಕಾಗಲಿಲ್ಲ, ಅಂಗಾಲು ಅಷ್ಟು ಊದಿತ್ತು. ಚಪ್ಪಲಿ ಎರಡನ್ನೂ ಕೈಯಲ್ಲಿ ಹಿಡ್ಕೊಂಡು, ಪಾದದ ಪಕ್ಕದ ಮೇಲೆ ಭಾರ ಹಾಕಿ ಹೆಜ್ಜೆ ಇಟ್ಟ.

ನಾಲ್ಕನೇ ದಿನ ದುಡ್ಡು ಸಿಕ್ತು. ಪಂಚೆ ಕಟ್ಟಿನ ಮಡಿಕೆಯೊಳಗೆ, ಅಪ್ಪ ತಾವೇ ಇಟ್ಟು ಮರೆತಿದ್ದು. ಒಂದು ಮೂಟೆ ಅಕ್ಕಿ, ಹೊಸ ಬಟ್ಟೆ ಹಿಡ್ಕೊಂಡು ಅವನ ತಾಯಿ ಹತ್ರ ಹೋಗಿ ಬಂದರು. ಅವನು ಮತ್ತೆ ಅಂಗಡಿಗೆ ಬರಲಿಲ್ಲ. ನನ್ನ ಹೂಂ ಬಗ್ಗೆ ಯಾರೂ ನನ್ನನ್ನ ಕೇಳಲಿಲ್ಲ. ಅಪ್ಪ ತೀರಿಕೊಳ್ಳೋವರೆಗೂ ನಾನೂ ಹೇಳಲಿಲ್ಲ.

ನಿನ್ನೆ ರಾತ್ರಿ ಹುಡುಗರಿಗೆ ಇದನ್ನ ಹೇಳಿದೆ. ಯಾರೂ ನಗಲಿಲ್ಲ. ‘ಆಮೇಲೆ ಅವರನ್ನ ನೋಡಿದ್ರಾ ದೊಡ್ಡಮ್ಮಾ?’ ಅಂತ ಕೇಳಿದ ತಂಗಿ ಮಗ.

ನೋಡಿದೆ. ಹೋದ ವರ್ಷ ನಮ್ಮೂರ ಜಾತ್ರೆಯಲ್ಲಿ, ತೇರಿನ ಹತ್ರ, ಮೊಮ್ಮಗಳನ್ನ ಹೆಗಲ ಮೇಲೆ ಕೂರಿಸ್ಕೊಂಡು ನಿಂತಿದ್ದರು. ಅವರೇ ಗುರುತು ಹಿಡಿದರು. ‘ಚೆನ್ನಾಗಿದೀರಾ ಅಮ್ಮಾವ್ರೇ?’ ಅಂದರು. ಚೆನ್ನಾಗಿದೀನಿ ಅಂದೆ. ಅಷ್ಟೇ ಅಂದೆ.